ಕಸದ ಜಾಗ ದೊಡ್ಡದಾಗುವುದು ಮೊದಲು ನಕ್ಷೆಯಲ್ಲಿ

ಹೋದ ತಿಂಗಳು ಒಂದು ಸಂಜೆ ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಮನೆಗೆ ಬಂದೆ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೆಣಸಿನಕಾಯಿ ಸುತ್ತಿದ್ದ ಪೇಪರ್ ಎಣ್ಣೆ ಕುಡಿದು ಗಾಜಿನ ಹಾಗಾಗಿತ್ತು. ಅದರ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪ್ರಕಟಣೆ. ಯಾವುದೋ ಊರಿನ ಯೋಜನಾ ಪ್ರಾಧಿಕಾರದ್ದು. ಇಂಥ ಗ್ರಾಮ, ಇಂಥ ಸರ್ವೆ ನಂಬರ್, ಇಷ್ಟು ಎಕರೆ ಇಷ್ಟು ಗುಂಟೆ, ಕೃಷಿ ವಲಯದಿಂದ ಬೇರೆ ಉಪಯೋಗಕ್ಕೆ ಬದಲಾವಣೆ, ಆಕ್ಷೇಪಣೆ ಇದ್ದಲ್ಲಿ 15 ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಾರೀಖು ನೋಡಿದೆ. 15 ದಿನ ಕಳೆದು ಎಷ್ಟೋ ದಿನವಾಗಿತ್ತು.

ಅದು ಲೇಔಟ್‌ಗೆ ಸಂಬಂಧಪಟ್ಟದ್ದು, ನನಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಆದರೆ ಊರಿನ ಕಸ ಹಾಕುವ ಜಾಗವನ್ನು ದೊಡ್ಡದು ಮಾಡಬೇಕು ಅಂದಾಗಲೂ ಕೆಲಸ ಶುರುವಾಗುವುದು ಇಂಥದ್ದೇ ಒಂದು ಪ್ರಕಟಣೆಯಿಂದ. ನಮ್ಮಲ್ಲಿ ಗಲಾಟೆ ಮಾತ್ರ ಲಾರಿ ಬಂದು ನಿಂತ ಮೇಲೆ. ಟಿಪ್ಪರ್ ತಡೆಯುತ್ತಾರೆ, ರಸ್ತೆಗೆ ಕಲ್ಲಿಡುತ್ತಾರೆ, ಪೊಲೀಸರು ಬರುತ್ತಾರೆ, ಟಿವಿಯವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮಾತಾಡುತ್ತಾರೆ. ಅಷ್ಟೊತ್ತಿಗೆ ನಕ್ಷೆಯಲ್ಲಿ ಆ ಸರ್ವೆ ನಂಬರ್‌ನ ಬಣ್ಣ ಬದಲಾಗಿ ವರ್ಷವೇ ಆಗಿರಬಹುದು. ಹಾಗಾಗಿ ಈ ಬಣ್ಣ ಬದಲಾಗುವ ಹಂತವನ್ನೇ ಸ್ವಲ್ಪ ಬಿಡಿಸಿ ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ನಕ್ಷೆ ಯಾವುದು ಅಂತ. ನಮ್ಮ ಊರಿಗೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಇದೆ, ಎಲ್ಲರ ಬಾಯಲ್ಲಿ ದೂಡಾ. ಎರಡೂ ಊರು ಮತ್ತು ಸುತ್ತಲಿನ ಹಳ್ಳಿಗಳು ಮುಂದೆ ಹೇಗೆ ಬೆಳೆಯಬೇಕು ಅಂತ ಮಾಸ್ಟರ್ ಪ್ಲಾನ್ ಮಾಡುವುದು ಇದರ ಕೆಲಸ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದಕ್ಕೆ ಆಧಾರ. ಪ್ಲಾನ್ ಅಂದರೆ ಒಂದು ದೊಡ್ಡ ಬಣ್ಣದ ನಕ್ಷೆ, ಜೊತೆಗೆ ಒಂದು ನಿಯಮದ ಪುಸ್ತಕ. ಹಳದಿ ಇದ್ದರೆ ಮನೆ, ನೀಲಿ ಇದ್ದರೆ ಅಂಗಡಿ ವ್ಯಾಪಾರ, ನೇರಳೆ ಇದ್ದರೆ ಕಾರ್ಖಾನೆ, ಕೆಂಪಿದ್ದರೆ ಶಾಲೆ ಆಸ್ಪತ್ರೆ ಕಚೇರಿ, ಹಸಿರಿದ್ದರೆ ಪಾರ್ಕು. ಇದರ ಹೊರಗೆ ಕೃಷಿ ವಲಯ. ನೀರಿನ ಟ್ಯಾಂಕು, ಕರೆಂಟಿನ ಸ್ಟೇಷನ್, ಕಸದ ಘಟಕ ಇಂಥವುಗಳಿಗೆ ಸಾರ್ವಜನಿಕ ಸೌಲಭ್ಯ ಅಂತ ಬೇರೆ ಗುರುತು ಇರುತ್ತದೆ. ಹೊಲವನ್ನು ಅಲಿನೇಷನ್ ಮಾಡಿಸುವುದು, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸಿಕೊಳ್ಳುವುದು, ಬೇರೆ ಹಂತ, ಅದು ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿ ಹತ್ತಿರ ಆಗಬೇಕು. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಅಲಿನೇಷನ್ ನಿಮ್ಮ ಒಂದು ಹೊಲದ ವಿಷಯ. ಮಾಸ್ಟರ್ ಪ್ಲಾನ್ ಪಕ್ಕದ ಹೊಲದ ವಿಷಯ ಕೂಡ.

ಈ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಣೆ ಮಾಡಬೇಕು ಅಂತ ಕಾಯ್ದೆ ಹೇಳುತ್ತದೆ. ಆಗ ಕರಡು ಪ್ರಕಟಿಸಿ ಜನರ ಅಭಿಪ್ರಾಯಕ್ಕೆ 60 ದಿನ ಕೊಡುತ್ತಾರೆ. ಆದರೆ ಹತ್ತು ವರ್ಷ ಕಾಯುವ ತಾಳ್ಮೆ ಯಾರಿಗಿದೆ? ಅದಕ್ಕೇ ಕಾಯ್ದೆಯಲ್ಲಿ 14ಎ ಅಂತ ಒಂದು ಬಾಗಿಲಿದೆ. ಮಧ್ಯದಲ್ಲಿ ಯಾವುದಾದರೂ ಜಾಗದ ಉಪಯೋಗ ಬದಲಾಯಿಸಬೇಕು ಅಂದರೆ, ಸರ್ಕಾರದ ಪೂರ್ವಾನುಮೋದನೆ ತಗೊಂಡು ಪ್ರಾಧಿಕಾರ ಬದಲಾಯಿಸಬಹುದು. ಅದಕ್ಕೆ ಷರತ್ತುಗಳಿವೆ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು. ಈ ಕಾಯ್ದೆಗೂ ಜಾಗದ ಬಳಕೆಗೆ ಸಂಬಂಧಪಟ್ಟ ಬೇರೆ ಕಾನೂನಿಗೂ ವಿರುದ್ಧ ಇರಬಾರದು. ಆ ಭಾಗದಲ್ಲಿ ಓಡಾಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಕಡಿಮೆ ಅಂದರೂ 15 ದಿನ ಆಕ್ಷೇಪಣೆಗೆ ಬಿಡಬೇಕು. ನನ್ನ ಮೆಣಸಿನಕಾಯಿ ಪೇಪರ್‌ನಲ್ಲಿ ಇದ್ದದ್ದು ಇದೇ 15 ದಿನ.

ಈಗ ಕಸಕ್ಕೆ ಬರೋಣ. ದಾವಣಗೆರೆಯ ಕಸ ಹೋಗುವುದು ಆವರಗೊಳ್ಳದ ಕಡೆಗೆ, ಪಾಲಿಕೆಯ ಘನತ್ಯಾಜ್ಯ ವಿಲೇವಾರಿ ಘಟಕ ಇರುವುದು ಅಲ್ಲಿ. ಯಾವ ಊರಿನದ್ದೇ ಆಗಲಿ, ಇಂಥ ಜಾಗ ಒಂದಲ್ಲ ಒಂದು ದಿನ ಸಾಲದಾಗುತ್ತದೆ. ಆಗ ಬರುವ ಮೊದಲ ಮಾತು ಪಕ್ಕದ ಜಮೀನು ಸೇರಿಸಿಕೊಳ್ಳೋಣ ಅಂತ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಸ ಎಲ್ಲಾದರೂ ಹೋಗಲೇಬೇಕು. ಆದರೆ ಎಷ್ಟು ಎಕರೆ ಬೇಕು ಅನ್ನುವ ಲೆಕ್ಕ ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ ನೋಡಿ, ಅಲ್ಲೇ ನನಗೆ ತಲೆ ಕೆಡುವುದು.

ಸುಮ್ನೆ ಒಂದು ಲೆಕ್ಕ ಹಾಕೋಣ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ 4,34,971. ಈಗ ಇನ್ನೂ ಜಾಸ್ತಿ ಇದೆ, ಇರಲಿ. ತಲೆಗೆ ದಿನಕ್ಕೆ 400 ಗ್ರಾಂ ಕಸ ಅಂತ ಹಿಡಿದರೆ ದಿನಕ್ಕೆ ಸುಮಾರು 174 ಟನ್ ಆಗುತ್ತದೆ. ವರ್ಷಕ್ಕೆ 63,500 ಟನ್. ಜೆಸಿಬಿ ಓಡಿಸಿ ಒತ್ತಿದ ಕಸ ಒಂದು ಘನ ಮೀಟರ್‌ಗೆ 800 ಕೆಜಿ ತೂಗುತ್ತದೆ ಅಂದುಕೊಳ್ಳಿ. ಎಂಟು ಮೀಟರ್ ಎತ್ತರಕ್ಕೆ ಒಟ್ಟಿದರೆ ವರ್ಷಕ್ಕೆ ಸುಮಾರು ಎರಡೂವರೆ ಎಕರೆ ಜಾಗ ತಿನ್ನುತ್ತದೆ. 20 ವರ್ಷಕ್ಕೆ 49 ಎಕರೆ. ಗುಡ್ಡ ಮೇಲೆ ಹೋದಂತೆ ಕಿರಿದಾಗುವುದರಿಂದ ನಿಜಕ್ಕೂ ಇನ್ನೂ ಜಾಸ್ತಿ ಬೇಕು.

ಅದೇ ಲೆಕ್ಕವನ್ನು ಇನ್ನೊಂದು ರೀತಿ ಹಾಕಿ. ಹಸಿ ಕಸ ಗೊಬ್ಬರಕ್ಕೋ ಗ್ಯಾಸಿಗೋ ಹೋಯಿತು, ಒಣ ಕಸ ಗುಜರಿಗೆ ಹೋಯಿತು, ಕೊನೆಗೆ ಏನಕ್ಕೂ ಬಾರದ ಐದನೇ ಒಂದು ಪಾಲು ಮಾತ್ರ ಗುಂಡಿಗೆ ಬಿತ್ತು ಅಂದುಕೊಳ್ಳಿ. ಆಗ ವರ್ಷಕ್ಕೆ ಅರ್ಧ ಎಕರೆ. 20 ವರ್ಷಕ್ಕೆ ಹತ್ತು ಎಕರೆಗಿಂತ ಒಂಚೂರು ಕಮ್ಮಿ. ಹತ್ತು ಎಕರೆಗೂ 49 ಎಕರೆಗೂ ನಡುವೆ ಇರುವುದು ನಮ್ಮ ಅಡುಗೆಮನೆಯ ಎರಡು ಬಕೆಟ್. ನಮ್ಮ ಊರುಗಳ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಹಸಿ ಕಸವೇ. ಕಾನೂನಿನ ಪ್ರಕಾರ ಲ್ಯಾಂಡ್‌ಫಿಲ್ ಅನ್ನೋದು ಕೊಳೆಯದ, ಸುಡದ, ಮತ್ತೆ ಬಳಸಲಾಗದ ಕೊನೆಯ ಪಾಲಿಗೆ ಮಾತ್ರ. ಎಲ್ಲ ಸುರಿದು ಹೋಗುವ ಜಾಗಕ್ಕೆ ಲ್ಯಾಂಡ್‌ಫಿಲ್ ಅನ್ನಬಾರದು, ಅದು ತಿಪ್ಪೆ. ತಿಪ್ಪೆಗಾದರೂ ಮರ್ಯಾದೆ ಇದೆ, ವರ್ಷಕ್ಕೊಮ್ಮೆ ಖಾಲಿ ಆಗಿ ಹೊಲಕ್ಕೆ ಹೋಗುತ್ತದೆ.

ನಮ್ಮ ಬೀದಿಗೆ ಬೆಳಿಗ್ಗೆ ಏಳೂವರೆಗೆ ಗಾಡಿ ಬರುತ್ತದೆ. ಹಾಡು ಕೇಳಿದ ಕೂಡಲೇ ಗೇಟುಗಳು ಒಂದೊಂದಾಗಿ ತೆಗೆಯುತ್ತವೆ. ಗಾಡಿಯಲ್ಲಿ ಎರಡು ಭಾಗ ಇದೆ, ಹಸಿರು ಒಂದು ಕಡೆ, ನೀಲಿ ಒಂದು ಕಡೆ. ಎದುರು ಮನೆಯ ಆಂಟಿ ಎರಡು ಬಕೆಟ್ ತರುತ್ತಾರೆ, ಶಿಸ್ತು ಅಂದರೆ ಅವರದ್ದು. ಪಕ್ಕದ ಬಾಡಿಗೆ ರೂಮಿನ ಹುಡುಗರು ಒಂದೇ ಕವರ್‌ನಲ್ಲಿ ಬಿರಿಯಾನಿ ಎಲುಬು, ಶೇವಿಂಗ್ ಬ್ಲೇಡು, ಚಟ್ನಿ ಪ್ಯಾಕೆಟ್ಟು ಎಲ್ಲ ಕಟ್ಟಿ ಮಹಡಿಯಿಂದಲೇ ಗುರಿ ಇಟ್ಟು ಎಸೆಯುತ್ತಾರೆ. ಗಾಡಿಯ ಹೆಣ್ಣುಮಗಳು ಆ ಕವರ್ ಬಿಚ್ಚಿ ಒಂದು ಕ್ಷಣ ನೋಡಿ ಹಸಿ ಕಸದ ಮೇಲೇ ಹಾಕುತ್ತಾಳೆ. ಅವಳ ತಪ್ಪಲ್ಲ, ಮುಂದಿನ ಬೀದಿಯಲ್ಲಿ ಇನ್ನೂ ನಲವತ್ತು ಮನೆ ಕಾಯುತ್ತಿರುತ್ತವೆ. ಆಂಟಿಯ ಎರಡು ಬಕೆಟ್ಟಿನ ಶಿಸ್ತು ಅಲ್ಲಿಗೆ ಮುಗಿಯಿತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ಮನೆಯಲ್ಲೇ ನಾಲ್ಕು ಥರ ವಿಂಗಡಿಸಬೇಕು ಅಂತ ಇದೆ. ಎರಡೇ ಆಗದವರಿಗೆ ನಾಲ್ಕು! ಆದರೂ ಆಗಬೇಕಾದ್ದೇ ಅನ್ನಿ.

ಹಾಗಾಗಿ ಯಾವುದೇ ಊರಿನ ವಿಸ್ತರಣೆಯ ಪ್ರಸ್ತಾವ ಬಂದರೂ ನಾನು ಕೇಳುವ ಮೊದಲ ಪ್ರಶ್ನೆ ಇದೇ. ನೀವು ಕೇಳುತ್ತಿರುವ ಎಕರೆ ಯಾವ ಲೆಕ್ಕದ್ದು? ಎಲ್ಲಾ ಕಸ ಸುರಿಯುವ ಲೆಕ್ಕವೋ, ಐದನೇ ಪಾಲು ಸುರಿಯುವ ಲೆಕ್ಕವೋ? ಮೊದಲನೆಯದಾದರೆ ಆ ಊರು ಕಾನೂನು ಮುರಿಯುವುದಕ್ಕೇ ಜಾಗ ಕೇಳುತ್ತಿದೆ ಅಂತ ಅರ್ಥ. 14ಎ ಷರತ್ತಿನಲ್ಲಿ 'ಬೇರೆ ಕಾನೂನಿಗೆ ವಿರುದ್ಧ ಇರಬಾರದು' ಅಂತ ಇದೆಯಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ.

ನನ್ನ ಎರಡನೇ ಪ್ರಶ್ನೆ ಎಷ್ಟು ದೂರ ಅನ್ನುವುದು. ನನ್ನ ಮಟ್ಟಿಗೆ ಇದೇ ಮುಖ್ಯ. ಈ ಹೊಸ ನಿಯಮಕ್ಕೆ ಮುಂಚೆ ಇದ್ದ 2016ರ ಘನತ್ಯಾಜ್ಯ ನಿಯಮಗಳಲ್ಲಿ ಲ್ಯಾಂಡ್‌ಫಿಲ್ ಎಲ್ಲಿಂದ ಎಷ್ಟು ದೂರ ಇರಬೇಕು ಅಂತ ಬರೆದಿತ್ತು. ನದಿಯಿಂದ 100 ಮೀಟರ್. ಕೆರೆ, ಹೆದ್ದಾರಿ, ಜನವಸತಿ, ಪಾರ್ಕು, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್. ವಿಮಾನ ನಿಲ್ದಾಣದಿಂದ 20 ಕಿಲೋಮೀಟರ್. ಅಳತೆಗೋಲಾಗಿ ಇವನ್ನೇ ಹಿಡಿದುಕೊಂಡು ಮುಂದಕ್ಕೆ ಹೋಗೋಣ.

20 ಎಕರೆಯ ಚೌಕಾಕಾರದ ಒಂದು ಜಾಗ ಅಂದುಕೊಳ್ಳಿ. ಒಂದೊಂದು ಬದಿ ಸುಮಾರು 285 ಮೀಟರ್. ಅದರ ಸುತ್ತ 200 ಮೀಟರ್‌ನ ಗೆರೆ ಎಳೆದರೆ, ಆ ಗೆರೆಗೂ ಬೇಲಿಗೂ ನಡುವೆ ಸಿಗುವ ಜಾಗ ಸುಮಾರು 87 ಎಕರೆ. ಜಾಗದ ನಾಲ್ಕು ಪಟ್ಟಿಗಿಂತ ಜಾಸ್ತಿ. ಪ್ರಕಟಣೆಯಲ್ಲಿ ಬರುವುದು 20 ಎಕರೆಯ ಸರ್ವೆ ನಂಬರ್ ಮಾತ್ರ. ಆ 87 ಎಕರೆಯವರ ಹೆಸರು, ನಂಬರ್, ಚೆಕ್‌ಬಂದಿ ಯಾವುದೂ ಅಲ್ಲಿ ಇರುವುದಿಲ್ಲ. 20 ಎಕರೆ ಖಾಸಗಿ ಜಮೀನಾದರೆ ಅದರ ಮಾಲೀಕರಿಗೆ ಪರಿಹಾರ ಸಿಗುತ್ತದೆ. 87 ಎಕರೆಯವರಿಗೆ ವಾಸನೆ, ನೊಣ, ನಾಯಿ.

ಇನ್ನೊಂದು ಸೂಕ್ಷ್ಮ ಇದೆ. ಕಸದ ಜಾಗ ಮನೆಯಿಂದ 200 ಮೀಟರ್ ದೂರ ಇರಬೇಕು ಅಂತ ಆ ನಿಯಮ ಹೇಳಿತ್ತು. ಮನೆ ಕಸದ ಜಾಗದಿಂದ ದೂರ ಇರಬೇಕು ಅಂತ ಯಾರು ಹೇಳಬೇಕು? ಅದನ್ನು ಹೇಳಬೇಕಾದ್ದು ಮಾಸ್ಟರ್ ಪ್ಲಾನ್. ಕಸದ ಸರ್ವೆ ನಂಬರ್‌ನ ಬಣ್ಣ ಬದಲಾಯಿಸಿ ಸುತ್ತಲಿನ ಹಳದಿಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಅಂತ ಎಲ್ಲ ಊರಲ್ಲೂ ನೋಡಿದ್ದೇವೆ. ಹಳದಿ ಇದೆ ಅಂತ ಲೇಔಟ್ ಆಗುತ್ತದೆ. ರೇಟು ಕಮ್ಮಿ ಅಂತ ಮೂವತ್ತು ನಲವತ್ತರ ಸೈಟು ತಗೊಳ್ಳುವವರು ಬಡ ಮೇಷ್ಟ್ರು, ಡ್ರೈವರ್‌ಗಳು, ಮಗಳ ಮದುವೆಗೆ ಅಂತ ಕೂಡಿಟ್ಟವರು. ಸೈಟು ತೋರಿಸುವುದು ಗಾಳಿ ಆ ಕಡೆ ಬೀಸುವ ದಿನ. ಐದು ವರ್ಷಕ್ಕೆ ಮನೆ ಏಳುತ್ತದೆ. ಆಮೇಲೆ ಅದೇ ಜನ ಕಸದ ಗಾಡಿ ತಡೆಯುತ್ತಾರೆ. ಪಾಲಿಕೆಯವರು 'ನಾವು ಮೊದಲು ಬಂದಿದ್ದೆವು' ಅನ್ನುತ್ತಾರೆ, ಜನ 'ನಮಗೆ ಪರ್ಮಿಷನ್ ಕೊಟ್ಟವರು ನೀವೇ' ಅನ್ನುತ್ತಾರೆ. ಇಬ್ಬರದ್ದೂ ನಿಜ.

ನಮ್ಮ ಸೋದರಮಾವನ ಹೊಲ ಒಂದು ಸಣ್ಣ ಊರಿನ ಕಸದ ಜಾಗದ ಪಕ್ಕಕ್ಕಿದೆ. ಯಾವ ಊರು ಅಂತ ಬೇಡ. ಎರಡು ಎಕರೆ ಹತ್ತು ಗುಂಟೆ, ಮಸಾರಿ ನೆಲ, ಮೆಕ್ಕೆಜೋಳ ಹಾಕುತ್ತಾರೆ. ಹೋದ ಸಲ ಹೋದಾಗ ಬದುವಿನ ಜಾಲಿ ಗಿಡದ ತುಂಬ ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿದ್ದವು, ದೂರದಿಂದ ನೋಡಿದರೆ ಕೊಕ್ಕರೆ ಕೂತ ಹಾಗೆ. ಬೆಳಿಗ್ಗೆ ಎದ್ದು ಕವರ್ ಆರಿಸುವುದೇ ಅತ್ತೆಗೆ ಒಂದು ಕೆಲಸ. ಇಲ್ಲದಿದ್ದರೆ ಎಮ್ಮೆ ತಿನ್ನುತ್ತದೆ. 'ಮಾರೋಣ ಅಂದ್ರೆ ಬರೋರು ಮೂಗು ಮುಚ್ಕೊಂಡು ಬರ್ತಾರೆ, ರೇಟು ಕೇಳ್ದಂಗೆ ಹೋಗ್ತಾರೆ ನೋಡಪ' ಅಂದರು ಮಾವ. ಅವರ ಜಮೀನಿನ ಒಂದು ಗುಂಟೆಯೂ ಯಾವ ಪ್ರಕಟಣೆಯಲ್ಲೂ ಬಂದಿಲ್ಲ. ಪಹಣಿಯಲ್ಲಿ ಎಲ್ಲಾ ಸರಿಯಾಗಿಯೇ ಇದೆ.

ಇದಕ್ಕೆ 2016ರ ನಿಯಮದಲ್ಲೇ ಒಂದು ಉತ್ತರ ಇತ್ತು. ದಿನಕ್ಕೆ 5 ಟನ್‌ಗಿಂತ ಜಾಸ್ತಿ ಸಾಮರ್ಥ್ಯದ ಘಟಕದ ಸುತ್ತ ಏನೂ ಕಟ್ಟದ ಬಫರ್ ಪಟ್ಟಿ ಬಿಡಬೇಕು, ಆ ಪಟ್ಟಿ ಘಟಕದ ಒಟ್ಟು ಜಾಗದ ಒಳಗೇ ಬರಬೇಕು. ಒಳಗೇ. ಅಂದರೆ ಪಕ್ಕದವರ ಹೊಲವನ್ನು ಬಫರ್ ಅಂತ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಆದರೆ ನಮ್ಮ ಊರುಗಳಲ್ಲಿ ಆಗುವುದೇ ಬೇರೆ. ಮೊದಲ ಹತ್ತು ವರ್ಷದಲ್ಲಿ ಕಸ ಮಧ್ಯದಲ್ಲಿ ಬೀಳುತ್ತದೆ, ಆಮೇಲೆ ಕಾಂಪೌಂಡಿನವರೆಗೆ ಬರುತ್ತದೆ, ಬಫರ್ ಇದ್ದದ್ದು ಕಸದ ಅಡಿಗೆ ಹೋಗುತ್ತದೆ. ಆಮೇಲೆ 'ಜಾಗ ಸಾಲದು' ಅಂತ ಪ್ರಸ್ತಾವ. ಎಷ್ಟೋ ಕಡೆ ವಿಸ್ತರಣೆ ಅಂತ ಕೇಳುತ್ತಿರುವುದು, ನುಂಗಿಹಾಕಿದ ಬಫರ್ರನ್ನೇ ಇನ್ನೊಂದು ಸಲ.

ಮೂರನೆಯದು ಹಳೇ ಗುಡ್ಡ. ಇದು ಎಲ್ಲಾ ವಿಸ್ತರಣೆಗಳ ಹಿಂದೆ ಸುಮ್ಮನೆ ನಿಂತಿರುವ ಆಸಾಮಿ. ಕೆಳಗೆ ವರ್ಷಗಟ್ಟಲೆ ಕೊಳೆತ ಕಸ, ಮೇಲೆ ನಿನ್ನೆಯದು. ಗಾಳಿಯಾಡದೆ ಕೊಳೆತರೆ ಮೀಥೇನ್ ಅನ್ನುವ ಉರಿಯುವ ಅನಿಲ ಬರುತ್ತದೆ, ಬೇಸಿಗೆಯಲ್ಲಿ ಹೊಗೆ ಕಾಣುವುದು ಇದಕ್ಕೇ. ಈ ಗುಡ್ಡವನ್ನು ಬಿಡಿಸುವುದಕ್ಕೆ ಬಯೋಮೈನಿಂಗ್ ಅಂತ ಕರೆಯುತ್ತಾರೆ. ಗುಡ್ಡವನ್ನು ಸಾಲುಸಾಲಾಗಿ ಹರವಿ, ಬ್ಯಾಕ್ಟೀರಿಯಾ ದ್ರಾವಣ ಸಿಂಪಡಿಸಿ, ತಿರುವಿ ಹಾಕಿ, ಒಣಗಿದ ಮೇಲೆ ಉರುಳುವ ದೊಡ್ಡ ಜರಡಿಯಲ್ಲಿ ಹಾಯಿಸುತ್ತಾರೆ. ಕಣದಲ್ಲಿ ರಾಶಿ ಮಾಡಿದ ಹಾಗೇ, ಒಂದು ಕಡೆ ಮಣ್ಣು, ಒಂದು ಕಡೆ ಕಲ್ಲು ಇಟ್ಟಿಗೆ, ಒಂದು ಕಡೆ ಪ್ಲಾಸ್ಟಿಕ್ ಬಟ್ಟೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಕೊಟ್ಟಿದೆ. 2021ರಲ್ಲಿ ಶುರುವಾದ ಸ್ವಚ್ಛ ಭಾರತ್ ನಗರ ಮಿಷನ್‌ನ ಎರಡನೇ ಹಂತದಲ್ಲಿ ಹಳೇ ಗುಡ್ಡ ತೆಗೆಯುವುದಕ್ಕೇ ದುಡ್ಡಿದೆ. 2022ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಸ ಮತ್ತು ಕೊಳಚೆ ನೀರು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಹೊರೆ ಹೊರಿಸಿತು.

ಜರಡಿ ಹಿಡಿದರೆ ಸಾಲದು. ಪ್ಲಾಸ್ಟಿಕ್ ಬಟ್ಟೆಯ ರಾಶಿಯನ್ನು ಸಿಮೆಂಟ್ ಕಾರ್ಖಾನೆಯ ಒಲೆಗೆ ಕಳಿಸಬೇಕು. ನಮ್ಮ ರಾಜ್ಯದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಬಹಳಷ್ಟು ಇರುವುದು ಕಲಬುರಗಿ, ಬಾಗಲಕೋಟೆ ಕಡೆ. ದಾವಣಗೆರೆಯಿಂದ ಅಲ್ಲಿಗೆ ಲಾರಿ ಬಾಡಿಗೆ ಯಾರು ಕೊಡಬೇಕು? ಈ ಸಣ್ಣ ಪ್ರಶ್ನೆಗೆ ಟೆಂಡರ್‌ನಲ್ಲಿ ಉತ್ತರ ಇಲ್ಲದಿದ್ದರೆ, ಗುಡ್ಡ ಹೋಗಿ ಪಕ್ಕದಲ್ಲಿ ಬೇಲ್ ಕಟ್ಟಿದ ಇನ್ನೊಂದು ಗುಡ್ಡ ಏಳುತ್ತದೆ. ಕೆಲಸ ಮುಗಿದ ಫೋಟೋ ಮಾತ್ರ ಚೆನ್ನಾಗಿರುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಹಳೇ ಗುಡ್ಡದ ಅಳತೆ ಮಾಡದೆ, ಅದು ಖಾಲಿಯಾದರೆ ಎಷ್ಟು ಎಕರೆ ವಾಪಸ್ ಸಿಗುತ್ತದೆ ಅಂತ ಹೇಳದೆ, ಹೊಸ ಜಾಗಕ್ಕೆ ನಕ್ಷೆ ತಿದ್ದುವುದನ್ನು ಒಪ್ಪಬಾರದು. ಮನೆ ತುಂಬ ಹಳೇ ಸಾಮಾನು ಒಟ್ಟಿಕೊಂಡು ಜಾಗ ಸಾಲದು ಅಂತ ಪಕ್ಕದವರ ಹಿತ್ತಲು ಕೇಳಿದ ಹಾಗೆ ಅದು.

ನೆಲದ ಕೆಳಗಿನ ಸಂಗತಿಯನ್ನೂ ನೋಡಬೇಕು. ಕಸದಿಂದ ಇಳಿಯುವ ಕಪ್ಪು ರಸ ಇದೆಯಲ್ಲ, ಅದು ಅಂತರ್ಜಲಕ್ಕೆ ಹೋಗದ ಹಾಗೆ ಗುಂಡಿಯ ತಳಕ್ಕೆ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಬೇಕು ಅಂತ 2016ರ ನಿಯಮದಲ್ಲಿತ್ತು. ಗುಂಡಿಯ ತಳದಿಂದ ಅಂತರ್ಜಲ ಯಾವತ್ತೂ 2 ಮೀಟರ್ ಕೆಳಗೇ ಇರಬೇಕು ಅಂತಲೂ ಇತ್ತು. ಇಲ್ಲಿ ದಾವಣಗೆರೆಯದ್ದೇ ಒಂದು ತೊಡಕಿದೆ. ನಮ್ಮ ಸುತ್ತ ಭದ್ರಾ ನಾಲೆಯ ನೀರಾವರಿ. ನಾಲೆಯಲ್ಲಿ ನೀರು ಬಿಟ್ಟಾಗ, ಗದ್ದೆಯಲ್ಲಿ ನೀರು ನಿಂತಾಗ ಬಾವಿ ನೀರು ಮೇಲೆ ಬರುತ್ತದೆ, ನಾಲೆ ನಿಂತ ಮೇಲೆ ಇಳಿಯುತ್ತದೆ. ನಾಲೆ ಬತ್ತಿದ ತಿಂಗಳಲ್ಲಿ ಬೋರು ಅಳೆದು 'ಅಂತರ್ಜಲ ಬಹಳ ಆಳದಲ್ಲಿದೆ' ಅಂತ ಬರೆದರೆ ಸುಳ್ಳು ಅಲ್ಲ, ಆದರೆ ನಿಜವೂ ಅಲ್ಲ. ಎರೆ ನೆಲವಾದರೆ ಇನ್ನೊಂದು ಕಥೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆಗೆ ಊದಿಕೊಳ್ಳುತ್ತದೆ. ಜೇಡಿ ಇದೆ ಅಂತ ನಂಬಿ ಕೂರುವ ಹಾಗಿಲ್ಲ. ಯಾವ ತಿಂಗಳಲ್ಲಿ ಅಳೆದಿರಿ ಅಂತ ಕೇಳುವುದಕ್ಕೆ ಇಂಜಿನಿಯರ್ ಆಗಬೇಕಾಗಿಲ್ಲ, ಹಳ್ಳಿಯ ಯಾವ ರೈತನೂ ಕೇಳಬಹುದು.

ಗೋಮಾಳದ ವಿಷಯ ಬೇಗ ಮುಗಿಸುತ್ತೇನೆ. ಸರ್ಕಾರಿ ಜಾಗ ಅಂದ ಕೂಡಲೇ ಖಾಲಿ ಜಾಗ ಅಂತ ಅಧಿಕಾರಿಗಳಿಗೆ ಅನಿಸುತ್ತದೆ. ಭೂಕಂದಾಯ ನಿಯಮದಲ್ಲಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಬಿಡಬೇಕು ಅಂತ ಇದೆ. ಜಾಗ ಗೋಮಾಳವಾದರೆ ಆ ಹಳ್ಳಿಯ ಜಾನುವಾರು ಎಷ್ಟು, ಉಳಿಯುವ ಗೋಮಾಳ ಎಷ್ಟು ಅನ್ನುವ ಲೆಕ್ಕ ಕಡತದಲ್ಲಿ ಇರಲೇಬೇಕು.

ವಿಮಾನ ನಿಲ್ದಾಣದ ಮಾತು ಬಂತಲ್ಲ, ಒಂದು ತಮಾಷೆ. ದಾವಣಗೆರೆಗೆ ವಿಮಾನ ನಿಲ್ದಾಣ ಬೇಕು ಅನ್ನುವ ಬೇಡಿಕೆ ಆಗಾಗ ಕೇಳುತ್ತಲೇ ಇರುತ್ತದೆ. ಕಸ ಇದ್ದಲ್ಲಿ ಹದ್ದು, ಕಾಗೆ. ಹಕ್ಕಿ ಇದ್ದಲ್ಲಿ ವಿಮಾನಕ್ಕೆ ಅಪಾಯ. ಅದಕ್ಕೇ 20 ಕಿಲೋಮೀಟರ್. ದಾವಣಗೆರೆಯಿಂದ ಹರಿಹರಕ್ಕೇ ಅಷ್ಟು ದೂರ ಇಲ್ಲ. ಒಂದೇ ಪ್ಲಾನ್‌ನಲ್ಲಿ ಎರಡನ್ನೂ ಬಯಸುವವರು ಒಮ್ಮೆ ಕೈವಾರ ಹಿಡಿದು ನಕ್ಷೆಯ ಮೇಲೆ ಸುತ್ತು ಹಾಕಿ ನೋಡಲಿ.

ಇಷ್ಟೆಲ್ಲ ಇದ್ದೂ ಈ ಪ್ರಶ್ನೆಗಳು ಯಾಕೆ ಮೇಲೆ ಬರುವುದಿಲ್ಲ? ಕಾರಣ ಸರಳ. ಕಸ ಹಾಕುವವರು ವೋಟು ಹಾಕುವುದು ಪಾಲಿಕೆಗೆ, ವಾಸನೆ ಕುಡಿಯುವವರು ಹೆಚ್ಚಾಗಿ ಗ್ರಾಮ ಪಂಚಾಯಿತಿಯವರು. ಪಾಲಿಕೆಯ ಸದಸ್ಯನಿಗೆ ಅವರ ಸಿಟ್ಟಿನಿಂದ ಒಂದು ವೋಟೂ ಹೋಗುವುದಿಲ್ಲ. ಬೆಂಗಳೂರಿನ ಕಸ ಮಂಡೂರಿಗೆ ಹೋಗುತ್ತಿದ್ದದ್ದು ನೆನಪಿರಬಹುದು. ವರ್ಷಗಟ್ಟಲೆ ಹಳ್ಳಿಯವರು ಕೂಗಿದರು, ಯಾರೂ ಕೇಳಲಿಲ್ಲ. ಕೊನೆಗೆ 2014ರಲ್ಲಿ ಲಾರಿಗಳನ್ನು ತಡೆದು ಕೂತ ಮೇಲೆ ಸರ್ಕಾರ ಗಡುವು ಒಪ್ಪಿ, ಅದೇ ವರ್ಷದ ಡಿಸೆಂಬರ್‌ನಿಂದ ಅಲ್ಲಿಗೆ ಕಸ ಹಾಕುವುದನ್ನು ನಿಲ್ಲಿಸಿತು. ಕಸ ನಿಲ್ಲಲಿಲ್ಲ, ಬೇರೆ ಹಳ್ಳಿಗಳ ದಾರಿ ಹಿಡಿಯಿತು. ಅದಕ್ಕೇ ನಾನು 'ನಮ್ಮೂರಲ್ಲಿ ಬೇಡವೇ ಬೇಡ' ಅನ್ನುವವರ ಪರ ಅಲ್ಲ. ಹಾಗಂದರೆ ಅದು ನಮಗಿಂತ ಬಾಯಿ ಕಮ್ಮಿ ಇರುವ ಹಳ್ಳಿಗೆ ಹೋಗುತ್ತದೆ, ಅಷ್ಟೇ.

ನನಗೆ ಸರಿ ಅನಿಸುವುದು ಇಷ್ಟು. ವಿಸ್ತರಣೆ ನಿಜಕ್ಕೂ ಬೇಕಿದ್ದರೆ 14ಎ ಬಾಗಿಲಿನಿಂದ ಒಂದೇ ಸರ್ವೆ ನಂಬರ್ ತೂರಿಸುವ ಬದಲು, ಪ್ಲಾನ್ ಪರಿಷ್ಕರಣೆ ಹತ್ತಿರ ಇದ್ದರೆ ಅದರಲ್ಲೇ ತರಲಿ. ಆಗ 60 ದಿನ ಸಿಗುತ್ತದೆ, ಸುತ್ತಲಿನ ಬಣ್ಣವೂ ಒಟ್ಟಿಗೆ ಬದಲಾಗುತ್ತದೆ, ಕಸದ ಗಾಡಿ ಓಡಾಡುವ ರಸ್ತೆಯೂ ನಕ್ಷೆಯಲ್ಲಿ ಬರುತ್ತದೆ. ತುರ್ತು ಇದೆ, ಕಾಯುವುದಕ್ಕಾಗದು ಅಂದರೆ 14ಎ ಪ್ರಸ್ತಾವದಲ್ಲೇ ಸುತ್ತಲಿನ 200 ಮೀಟರ್ ಹಳದಿಯನ್ನೂ ಸೇರಿಸಿ ಪ್ರಕಟಿಸಲಿ. ಅಲ್ಲಿನ ರೈತರಿಗೆ ಸಿಟ್ಟು ಬರುತ್ತದೆ ನಿಜ, ಲೇಔಟ್ ಆಸೆ ಹೋಯಿತಲ್ಲ. ಆದರೆ ಈಗಲೇ ಸಿಟ್ಟು ಬಂದರೆ ಪರಿಹಾರದ ಮಾತಾಡಬಹುದು. ಹತ್ತು ವರ್ಷ ಆದಮೇಲೆ ಬರುವ ಸಿಟ್ಟಿಗೆ ಪರಿಹಾರ ಇಲ್ಲ. ಹಲವು ಊರಿನ ಕಸಕ್ಕೆ ಸೇರಿಸಿ ಒಂದೇ ದೊಡ್ಡ ಘಟಕ ಮಾಡುವುದಾದರೆ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು, ಅದು ಬೇರೆ ದಾರಿ, ಇಲ್ಲಿ ಅದಕ್ಕೆ ಕೈ ಹಾಕುವುದಿಲ್ಲ.

ಆಕ್ಷೇಪಣೆ ಬರೆಯುವವರಿಗೆ ಎರಡು ಮಾತು. 'ವಾಸನೆ ಬರುತ್ತದೆ, ಬೇಡ' ಅಂತ ಬರೆದ ಅರ್ಜಿಗೆ 'ವೈಜ್ಞಾನಿಕವಾಗಿ ನಿರ್ವಹಿಸಲಾಗುವುದು' ಅಂತ ಒಂದು ಸಾಲಿನ ಉತ್ತರ ಸಿದ್ಧ ಇರುತ್ತದೆ. ಮೊಬೈಲಲ್ಲಿ ದಿಶಾಂಕ್ ಆ್ಯಪ್ ತೆಗೆದು ಆ ಸರ್ವೆ ನಂಬರ್ ಮೇಲೆ ನಿಂತು ನೋಡಿ, ಸುತ್ತಲಿನ ನಂಬರ್‌ಗಳು ಕಾಣುತ್ತವೆ. ಹತ್ತಿರದ ಮನೆಗೆ, ಕೆರೆಗೆ, ಕುಡಿಯುವ ನೀರಿನ ಬೋರಿಗೆ ಎಷ್ಟು ಮೀಟರ್ ಅಂತ ಅಳೆದು ಬರೆಯಿರಿ. ಎಕರೆಯ ಲೆಕ್ಕ ಕೇಳಿ, ಹಳೇ ಗುಡ್ಡದ ಅಳತೆ ಕೇಳಿ, ಅಂತರ್ಜಲ ಅಳೆದ ತಿಂಗಳು ಕೇಳಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಮಾಹಿತಿ ಹಕ್ಕಿನಲ್ಲಿ ಕೇಳಿ ಆಮೇಲೆ ಬರೆಯೋಣ ಅಂತ ಕೂತರೆ ಕೆಟ್ಟಿರಿ. ಅಲ್ಲಿ ಉತ್ತರಕ್ಕೆ 30 ದಿನ, ಇಲ್ಲಿ ಆಕ್ಷೇಪಣೆಗೆ 15 ದಿನ. ಮೊದಲು ಆಕ್ಷೇಪಣೆ ಕೊಟ್ಟು, 'ದಾಖಲೆ ಸಿಗುವವರೆಗೆ ತೀರ್ಮಾನ ಬೇಡ' ಅಂತ ಅದರಲ್ಲೇ ಒಂದು ಸಾಲು ಸೇರಿಸಿ. ಯಾರೋ ಸಾಮಾನ್ಯರು ಬರೆದರೆ ಏನಾಗುತ್ತದೆ ಅನ್ನುವವರಿಗೆ 1991ರ ಒಂದು ತೀರ್ಪು ಹೇಳಬೇಕು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದರು. ಪ್ಲಾನ್‌ನಲ್ಲಿ ಬರೆದ ಉಪಯೋಗ ಬದಲಾದರೆ ಅಲ್ಲಿ ವಾಸಿಸುವವರಿಗೆ ಕೇಳುವ ಹಕ್ಕಿದೆ ಅಂತ ಆಯಿತು.

ಇದನ್ನೆಲ್ಲ ಮಾವನಿಗೆ ಫೋನ್‌ನಲ್ಲಿ ಹೇಳಿದೆ. ಅವರ ಊರಲ್ಲೂ ವಿಸ್ತರಣೆಯ ಮಾತು ಎದ್ದಿದೆ. ಪೂರ್ತಿ ಕೇಳಿಸಿಕೊಂಡು, 'ಅದಿರ್ಲಿ, ಈ 200 ಮೀಟರ್ ಎಲ್ಲಿಂದ ಅಳೀತಾರೆ? ಗುಡ್ಡದಿಂದಲೋ, ಬೇಲಿಯಿಂದಲೋ?' ಅಂದರು. ಗುಡ್ಡದಿಂದ ಅಳೆದರೆ ಅವರ ಬಾವಿ ಆಚೆ, ಬೇಲಿಯಿಂದ ಅಳೆದರೆ ಒಳಗೆ. ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅದನ್ನೇ ಮೊದಲನೇ ಸಾಲಲ್ಲಿ ಬರೀರಿ ಮಾವ ಅಂದೆ. 'ಪೆನ್ನು ತಡಿ' ಅಂತ ಫೋನ್ ಕೆಳಗಿಟ್ಟು ಹೋದರು.